ಶಿವಾಪುರಕ್ಕೆ ಕವಿತೆಯ ದಾರಿ

ಪ್ರಶ್ನೆ: ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ಯನ್ನು ಓದಿ ಬಹಳ ಮೆಚ್ಚಿಕೊಂಡೆ. ಅದೇ ಉತ್ಸಾಹದಲ್ಲಿ ಅವರ ಕವಿತೆಗಳನ್ನು ಕೈಗೆತ್ತಿಕೊಂಡರೆ, ಬೆಳಗಾವಿ ಕಡೆಯ ಆಡುಮಾತು ಹಳೇ ಮೈಸೂರಿನವನಾದ ನನ್ನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಕವಿತೆಗಳನ್ನು ಬಿಟ್ಟು ಕಾದಂಬರಿಗಳನ್ನಷ್ಟೇ ಓದಿದರೆ ನಷ್ಟವಿದೆಯೇ? ಯಾವ ಕ್ರಮದಲ್ಲಿ ಓದುವುದು ಒಳ್ಳೆಯದು?
– ಓದುಗರೊಬ್ಬರು, ಮಂಡ್ಯ

ಉತ್ತರ: ದೊಡ್ಡ ನಷ್ಟವೇ ಇದೆ. ನೀವು ಮೆಚ್ಚಿಕೊಂಡ ಕಾದಂಬರಿಯ ಜೀವಾಳವೇ ಆ ಕವಿತೆಗಳಲ್ಲಿದೆ. 1964ರಲ್ಲಿ ಬಂದ ‘ಹೇಳತೇನ ಕೇಳ’ ಎಂಬ ನೀಳ್ಗವಿತೆಯ ಹೆಸರನ್ನೇ ಒಮ್ಮೆ ಗಮನಿಸಿ. ಹೇಳುವವನೊಬ್ಬ, ಕೇಳುವವನೊಬ್ಬ, ಇಬ್ಬರೂ ಎದುರುಬದುರು ಕುಳಿತ ಹೊರತು ಅಲ್ಲಿ ಕಥೆ ಹುಟ್ಟುವುದೇ ಇಲ್ಲ. ರಾಕ್ಷಸನೊಬ್ಬ ಗೌಡನ ವೇಷದಲ್ಲಿ ಊರು ಹೊಕ್ಕು, ಊರಿನ ಮಳೆ ಬೆಳೆ ಬಸಿರುಗಳೆಲ್ಲ ಕೆಡುವ ಆ ಕಥೆಯ ಶಿವಾಪುರವೇ ಮುಂದೆ ಅವರ ನಾಟಕಗಳಿಗೂ ಕಾದಂಬರಿಗಳಿಗೂ ನೆಲೆಯಾಯಿತು. ಸುಮಾರು ಎರಡು ದಶಕಗಳ ನಂತರ, 1982ರಲ್ಲಿ, ‘ಸಿಂಗಾರೆವ್ವ’ನ ಕಥೆಯನ್ನು ಶೀನಿಂಗವ್ವ ಲೇಖಕನಿಗೆ ಹೇಳುತ್ತ ಹೋಗುವುದನ್ನು ನೆನಪಿಸಿಕೊಳ್ಳಿ: ಹೇಳುವವಳು ಬದಲಾಗಿದ್ದಾಳೆ, ಗದ್ಯ ಬಂದಿದೆ, ಆದರೆ ಕೂತ ಜಾಗ ಅದೇ. ಅರಮನೆಯ ದೇಸಾಯಿಗತ್ತಿನ ಪತನವನ್ನು ಅರಮನೆಯೊಳಗೆ ದುಡಿದ ಹೆಂಗಸೊಬ್ಬಳ ಬಾಯಿಂದ ಕೇಳುವುದರಿಂದಲೇ, ಸಿಂಗಾರೆವ್ವನ ದುಃಖ ಚರಿತ್ರೆಯ ಒಂದು ಅಧ್ಯಾಯವಾಗಿ ಒಣಗದೆ, ಕಣ್ಣಾರೆ ಕಂಡವಳ ಮಾತಾಗಿ ನಮ್ಮನ್ನು ತಟ್ಟುತ್ತದೆ.

ಆದ್ದರಿಂದ ಕಂಬಾರರನ್ನು ಕವಿ, ನಾಟಕಕಾರ, ಕಾದಂಬರಿಕಾರ ಎಂದು ಮೂರು ಖಾನೆಗಳಲ್ಲಿ ಇಟ್ಟು ಓದುವುದು ನನಗೆ ಸರಿಯೆನಿಸುವುದಿಲ್ಲ. ಘಟಪ್ರಭೆಯ ದಂಡೆಯ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಅವರು ಬಯಲಾಟ, ಲಾವಣಿಗಳನ್ನು ಕೇಳುತ್ತ ಬೆಳೆದವರು. ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ಸಂಶೋಧನೆಯ ವಿಷಯವಾಗಿ ಆರಿಸಿಕೊಂಡವರು. ಬಿ.ವಿ. ಕಾರಂತರ ನಿರ್ದೇಶನದಲ್ಲಿ 1972ರಲ್ಲಿ ರಂಗಕ್ಕೇರಿದ ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಕಾವ್ಯ, ನಾಟಕ, ಕಥನ ಮೂರೂ ಬೆರೆತಿರುವ ಬಗೆಯನ್ನು ನೋಡಬೇಕು. ಭಾದ್ರಪದದಲ್ಲಿ ಹೆಂಗಸರು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಒಯ್ಯುವ ಮಣ್ಣಿನ ಜೋಕುಮಾರ ಅಲ್ಲಿ ಕೇವಲ ಸಂತಾನದ ದೇವರಾಗಿ ಉಳಿಯುವುದಿಲ್ಲ; ಬಂಜೆಯಾಗಿ ಉಳಿದ ಗೌಡತಿಯ ಹಂಬಲವೂ, ಉಳುವವನಿಗೇ ಹೊಲ ಸೇರಬೇಕೆಂಬ ಬಸಣ್ಣನ ಹಟವೂ ಆ ಒಂದೇ ಆಚರಣೆಯ ಸುತ್ತ ಸುತ್ತಿಕೊಳ್ಳುತ್ತವೆ. ಹೆಣ್ಣು ಮತ್ತು ಹೊಲ ಎರಡರ ಮೇಲೂ ಒಡೆತನ ಹೂಡಿ ಎರಡನ್ನೂ ಬಂಜರಾಗಿಸಿದ ಗೌಡ ಕಂಬಾರರ ಕೃತಿಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ.

ಇನ್ನು ಭಾಷೆಯ ತೊಡಕು. ಅದು ನೀವು ಭಾವಿಸಿದಷ್ಟು ದೊಡ್ಡದಲ್ಲ. ಕ್ರಿಯಾಪದದ ಕೊನೆಯ ಎಕಾರ ಅಕಾರವಾಗಿ ‘ಹೇಳುತ್ತೇನೆ’ ಎಂಬುದು ‘ಹೇಳತೇನ’ ಆಗುತ್ತದೆ, ‘ಮನೆ’ ಎಂಬುದು ‘ಮನಿ’ ಆಗುತ್ತದೆ, ‘ಹೇಗೆ’ ಎಂಬುದು ‘ಹ್ಯಾಂಗ’ ಆಗುತ್ತದೆ. ಇಷ್ಟು ಕಿವಿಗೆ ಒಗ್ಗಿದರೆ ಅರ್ಧ ದಾರಿ ಸವೆದಂತೆ. ಮುಖ್ಯವಾಗಿ, ಈ ಕವಿತೆಗಳನ್ನು ಮೌನವಾಗಿ ಓದಬೇಡಿ. ಕಂಬಾರರು ತಮ್ಮ ಹಾಡುಗಳನ್ನು ತಾವೇ ಹಾಡುವವರು. ಅವರ ‘ಕಾಡು ಕುದುರೆ’ ಚಲನಚಿತ್ರದ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರು ರಾಷ್ಟ್ರಪ್ರಶಸ್ತಿ ಪಡೆದದ್ದು ನಿಮಗೂ ಗೊತ್ತಿರಬಹುದು. ಕಣ್ಣಿಗೆ ಕಗ್ಗಂಟಾಗಿ ಕಂಡ ಸಾಲು ಗಟ್ಟಿಯಾಗಿ ಓದಿದಾಗ ತಾನಾಗಿ ಸಡಿಲಗೊಳ್ಳುವುದು ನನ್ನ ಸ್ವಂತ ಅನುಭವ.

ಕ್ರಮದ ವಿಷಯದಲ್ಲಿ, ಮೊದಲು ‘ಹೇಳತೇನ ಕೇಳ’ವನ್ನೂ ಅದರ ಬೆನ್ನಿಗೆ ‘ಜೋಕುಮಾರಸ್ವಾಮಿ’ಯನ್ನೂ ಓದಿ, ಆಮೇಲೆ 1975ರ ‘ಕರಿಮಾಯಿ’ ಕಾದಂಬರಿಗೆ ಬನ್ನಿ ಎಂದು ಹೇಳುತ್ತೇನೆ. ಬೆಳಗಾವಿಯಲ್ಲಿ ಓದಿ ಬಂದ ಗುಡಸೀಕರನಿಗೂ ಊರದೇವಿಯ ನೆರಳಿನಲ್ಲಿ ಬಾಳುವ ಊರಿಗೂ ನಡುವಿನ ತಿಕ್ಕಾಟವನ್ನು ಹೇಳುವಾಗ ಕಂಬಾರರ ಒಲವು ಊರಿನ ಕಡೆಗಿದೆ, ನಿಜ. ಆದರೂ ಹಳೆಯ ಬದುಕನ್ನು ಅವರು ಕಣ್ಣುಮುಚ್ಚಿ ಹೊಗಳುತ್ತಾರೆಂಬ ಆಕ್ಷೇಪಣೆಯನ್ನು ನಾನು ಒಪ್ಪಲಾರೆ. ಶಿವಾಪುರದ ಗೌಡರನ್ನೂ ದೇಸಾಯಿಗಳನ್ನೂ ಅವರಷ್ಟು ಕಟುವಾಗಿ ತೋರಿಸಿದವರು ಕಡಿಮೆ. ನಂತರ ‘ಚಕೋರಿ’ ಮಹಾಕಾವ್ಯ, ಅದರ ಬೆನ್ನಿಗೆ ‘ಶಿಖರಸೂರ್ಯ’ ಕಾದಂಬರಿ. ಇವೆರಡನ್ನು ಬಿಡಿಸಿ ಓದಬಾರದು. ಕಾವ್ಯದಲ್ಲಿ ಸಂಗೀತಕ್ಕೂ ಬೆಳದಿಂಗಳಿಗೂ ಮನಸೋತ ಲೋಕವೇ ಕಾದಂಬರಿಯಲ್ಲಿ ವಿದ್ಯೆಯನ್ನು ಅಧಿಕಾರದ ಆಯುಧ ಮಾಡಿಕೊಂಡವನ ಲೋಕವಾಗಿ ಮುಂದುವರಿಯುತ್ತದೆ. ‘ಶಿಖರಸೂರ್ಯ’ ಕೆಲವೆಡೆ ತನ್ನ ಆಶಯದ ಭಾರಕ್ಕೆ ಬಾಗಿದೆ ಎಂದು ನನಗನ್ನಿಸಿದೆ; ಶೀನಿಂಗವ್ವನಂಥ ದನಿಯೊಂದು ಅಲ್ಲಿರಬೇಕಿತ್ತು ಎಂಬ ಕೊರಗು ನನ್ನದು.

ಪ್ರಶ್ನೆ: ಕಂಬಾರರಿಗೆ ಜ್ಞಾನಪೀಠ ಬಂದದ್ದು ‘ಸಿರಿಸಂಪಿಗೆ’ಗೆ ಎಂದು ಸ್ನೇಹಿತರೊಬ್ಬರು ವಾದಿಸುತ್ತಾರೆ. ಸರಿಯೇ?
– ಇನ್ನೊಬ್ಬ ಓದುಗರು, ಧಾರವಾಡ

ಉತ್ತರ: ಎರಡು ಪ್ರಶಸ್ತಿಗಳು ಅವರ ನೆನಪಿನಲ್ಲಿ ಬೆರೆತಿವೆ. ‘ಸಿರಿಸಂಪಿಗೆ’ ನಾಟಕಕ್ಕೆ 1991ರಲ್ಲಿ ಬಂದದ್ದು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. 2010ನೇ ಸಾಲಿನ ಜ್ಞಾನಪೀಠ ಅವರ ಸಮಗ್ರ ಸಾಹಿತ್ಯಕ್ಕೆ ಸಂದದ್ದು. ನಿಮ್ಮ ಸ್ನೇಹಿತರು ಆ ನಾಟಕವನ್ನು ಇನ್ನೂ ಓದಿಲ್ಲವಾದರೆ ದಯವಿಟ್ಟು ಓದಲು ಹೇಳಿ: ತನ್ನನ್ನೇ ಎರಡಾಗಿ ಸೀಳಿಸಿಕೊಂಡ ರಾಜಕುಮಾರನ ಒಂದು ಪಾಲು ಮನುಷ್ಯನಾಗಿ, ಇನ್ನೊಂದು ಪಾಲು ಹಾವಾಗಿ ಉಳಿಯುವ ಆ ಕಥೆಯಲ್ಲಿ, ಹಾವಿಗೆ ಒಲಿಯುವ ಸಿರಿಸಂಪಿಗೆಯ ಮಾತುಗಳನ್ನೂ ಗಟ್ಟಿಯಾಗಿಯೇ ಓದಬೇಕು.