ಪಾಳಿ ಬದಲಾದರೂ ಗುರಿ ಬದಲಾಗಬಾರದು

ಪ್ರಶ್ನೆ: ನ್ಯುಮೋನಿಯಾ ಜೋರಾಗಿ ತಂಗಿಯ ಎರಡು ವರ್ಷದ ಮಗುವನ್ನು ವಿಜಯಪುರದ ಆಸ್ಪತ್ರೆಯೊಂದರಲ್ಲಿ ವೆಂಟಿಲೇಟರ್‌ಗೆ ಹಾಕಿದ್ದರು. ಹಗಲಿನ ಡಾಕ್ಟರು ರಕ್ತದ ಆಕ್ಸಿಜನ್ ಮಟ್ಟ ಶೇ. 93 ಇದ್ದರೆ ಸಾಕು ಅಂದರು, ರಾತ್ರಿಯವರು 99ಕ್ಕೆ ಏರಿಸಿದರು. ಯಾವುದು ಸರಿ?
– ಓದುಗರು, ಇಂಡಿ

ಉತ್ತರ: ಹಗಲಿನವರದ್ದು. ಮಕ್ಕಳ ತೀವ್ರ ಶ್ವಾಸಕೋಶ ವೈಫಲ್ಯಕ್ಕೆಂದೇ ಹಲವು ದೇಶಗಳ ತಜ್ಞರು 2015ರಲ್ಲಿ ಮಾರ್ಗಸೂಚಿ ರೂಪಿಸಿದರು, 2023ರಲ್ಲಿ ಪರಿಷ್ಕರಿಸಿದರು. ಅದರಂತೆ ಕಾಯಿಲೆ ಸೌಮ್ಯ ಅಥವಾ ಮಧ್ಯಮವಾಗಿದ್ದರೆ ಗುರಿ 92ರಿಂದ 97. ತೀರಾ ತೀವ್ರವಾದಾಗ 92ಕ್ಕಿಂತ ತುಸು ಕಡಿಮೆಯನ್ನೂ ಒಪ್ಪಬಹುದು, ಆದರೆ 88ರ ಕೆಳಗೆ ಬಿಡಬಾರದು. ಅತಿಯಾದ ಆಕ್ಸಿಜನ್ ಶ್ವಾಸಕೋಶವನ್ನೇ ಕೆಡಿಸುತ್ತದೆ. ತಲೆಗೆ ಪೆಟ್ಟಾದ ಮಗುವಿನ ಲೆಕ್ಕ ಮಾತ್ರ ಬೇರೆ.

ನಿಜವಾದ ಕೊರತೆ ಇರುವುದು ಗುರಿಯನ್ನು ಬರೆದು ಹಾಸಿಗೆಯ ಬಳಿ ತೂಗುಹಾಕದಿರುವುದರಲ್ಲಿ. ಆ ಹಾಳೆಯ ಮೊದಲ ಸಾಲು ತೂಕ. ಪ್ರತಿ ಉಸಿರಿಗೆ ಕೊಡಬೇಕಾದ ಗಾಳಿ ಕಿಲೋಗೆ 6ರಿಂದ 8 ಮಿ.ಲೀ. 10 ಕಿಲೋ ಮಗುವಿಗೆ 60ರಿಂದ 80 ಮಿ.ಲೀ. ಅಷ್ಟೇ. ಕಣ್ಣಳತೆಯಲ್ಲಿ 14 ಕಿಲೋ ಎಂದು ಬರೆದುಕೊಂಡರೆ 112 ಮಿ.ಲೀ. ಒಳಹೋಗಿ ಶ್ವಾಸಕೋಶದ ಗಾಳಿಚೀಲಗಳು ಹಿಗ್ಗಿ ಹರಿದುಹೋಗಬಹುದು. ದಪ್ಪಗಿರುವ ಅಥವಾ ಬಾವು ಬಂದ ಮಗುವಿಗೆ ಎತ್ತರಕ್ಕೆ ತಕ್ಕ ತೂಕವನ್ನೇ ಹಿಡಿಯಬೇಕು. ಉಸಿರು ತುಂಬಿ ನಿಂತಾಗಿನ ಒತ್ತಡ 28 ಸೆಂ.ಮೀ. ನೀರಿನ ಮಟ್ಟ ದಾಟಬಾರದು.

ಹೆಚ್ಚಾಗಿ ತಪ್ಪುವುದು ಪೀಪ್‌ನಲ್ಲಿ. ಉಸಿರು ಬಿಟ್ಟ ಮೇಲೂ ಗಾಳಿಚೀಲ ಮುಚ್ಚದಂತೆ ತಡೆಯುವ ಒತ್ತಡವದು. ಅದನ್ನು 5ರಲ್ಲೇ ಬಿಟ್ಟು ಆಕ್ಸಿಜನ್ ಅನ್ನು ಮಾತ್ರ ಏರಿಸುತ್ತಾ ಹೋಗುವುದು ಸುಲಭ, ಆದರೆ ಮುಚ್ಚಿದ ಚೀಲಗಳಿಗೆ ಅದು ತಲುಪುವುದೇ ಇಲ್ಲ. ಕೊಡುವ ಗಾಳಿಯಲ್ಲಿ ಶೇ. 60ರಷ್ಟು ಆಕ್ಸಿಜನ್ ಬೇಕಾಗುತ್ತಿದ್ದರೆ ಪೀಪ್ ಸುಮಾರು 10 ಇರಬೇಕು. ಏರಿಸುವಾಗ ರಕ್ತದೊತ್ತಡ ಕುಸಿಯುತ್ತದೆಯೇ ಎಂದು ನೋಡುತ್ತಿರಬೇಕು. ಟ್ಯೂಬ್ ತೆಗೆಯಲು ಮಗು ಸಿದ್ಧವಿದೆಯೇ ಎಂಬ ಪರೀಕ್ಷೆ ದಿನವೂ ನಡೆಯಲಿ. ಇದು ಮರೆತುಹೋದರೆ ವೆಂಟಿಲೇಟರ್ ದಿನಗಳು ಸುಮ್ಮನೆ ಉದ್ದವಾಗುತ್ತವೆ. ನೀವು ಬಂಧುಗಳಾಗಿ ಧೈರ್ಯವಾಗಿ ಕೇಳಿ: "ಇವತ್ತಿನ ಗುರಿ ಎಷ್ಟು, ಎಲ್ಲಿ ಬರೆದಿದ್ದೀರಿ?"

ಪ್ರಶ್ನೆ: ಬಾಗಲಕೋಟೆಯಿಂದ ಬೆಳಗಾವಿಗೆ ಇಂಥ ಮಗುವನ್ನು ಕಳಿಸುವಾಗ ನರ್ಸ್‌ಗಳು ಏನು ಗಮನಿಸಬೇಕು?
– ಶುಶ್ರೂಷಕಿ, ಮುಧೋಳ

ಉತ್ತರ: ಮೊದಲು ಸಿಲಿಂಡರ್ ಲೆಕ್ಕ. ದಾರಿ ಸುಮಾರು ಮೂರು ತಾಸಿನದು. ಮಾಸ್ಕ್‌ನಲ್ಲಿ ನಿಮಿಷಕ್ಕೆ 10 ಲೀಟರ್ ಹೋಗುತ್ತಿದ್ದರೆ 1,800 ಲೀಟರ್ ಬೇಕು. ತುಂಬಿದ ಬಿ-ಟೈಪ್ ಸಿಲಿಂಡರ್‌ನಲ್ಲಿರುವುದು ಸುಮಾರು 1,500. ದಾರಿಯಲ್ಲಿ ತಡವಾಗುವುದೂ ಇರುವುದರಿಂದ ಕನಿಷ್ಠ ಎರಡು ಒಯ್ಯಿರಿ, ಬದಲಿಸುವ ಸ್ಪ್ಯಾನರ್ ಸಮೇತ. ಹೊಟ್ಟೆ ಉಬ್ಬಿದ್ದರೆ ಮೂಗಿನ ನಳಿಕೆಯಿಂದ ಖಾಲಿ ಮಾಡಿ, ಇಲ್ಲದಿದ್ದರೆ ವಪೆ (ಎದೆ–ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೊತ್ತಿ ಉಸಿರಾಟಕ್ಕೆ ಜಾಗ ಸಾಲದು. ಟ್ಯೂಬ್ ಹಾಕಿದ ಮಗುವಿನ ಆಕ್ಸಿಜನ್ ಮಟ್ಟ ದಿಢೀರನೆ ಕುಸಿದರೆ ನೋಡಬೇಕಾದ ಕ್ರಮ ಇದು: ಟ್ಯೂಬ್ ಜಾರಿದೆಯೇ, ಕಫದಿಂದ ಕಟ್ಟಿದೆಯೇ, ಎದೆಯೊಳಗೆ ಗಾಳಿ ಸೋರಿದೆಯೇ, ಕೊನೆಗೆ ಯಂತ್ರ. ಇಷ್ಟು ಹುಡುಕುವಾಗ ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಕೈಯಲ್ಲೇ ಇರಲಿ. ತೂಕ, ಕೊಟ್ಟ ದ್ರವ, ಆ್ಯಂಟಿಬಯಾಟಿಕ್‌ನ ಮೊದಲ ಡೋಸ್ ಕೊಟ್ಟ ಸಮಯ ಬರೆದು, ಬೆಳಗಾವಿಯ ವಾರ್ಡ್‌ಗೆ ಹೊರಡುವ ಮೊದಲೇ ಫೋನ್ ಮಾಡಿ ತಿಳಿಸಿ.