ಓದುಗರ ಪ್ರಶ್ನೆ: ಒಲವಿನ ಕಾದಂಬರಿಗೆ ಅಡ್ಡಿ ಎಲ್ಲಿಂದ ಬರಬೇಕು?

ಈ ಸಲ ಬಂದ ಪತ್ರಗಳಲ್ಲಿ ಐದು ಪತ್ರಗಳು ಪ್ರೇಮ ಕಾದಂಬರಿಗಳನ್ನು ಕುರಿತವು. ಐದೂ ಕೊಡಗಿನಿಂದಲೇ ಬಂದಿವೆ. ಉತ್ತರ ಬರೆಯುತ್ತಿರುವ ನಾನೂ ವಿರಾಜಪೇಟೆಯವಳೇ. ಹೈಸ್ಕೂಲಿನ ದಿನಗಳಿಂದ ಇಂದಿನವರೆಗೆ ಈ ಬಗೆಯ ಕಾದಂಬರಿಗಳನ್ನು ಬಿಡದೆ ಓದಿಕೊಂಡು ಬಂದಿದ್ದೇನೆ. ಮುಂದಿನ ಉತ್ತರಗಳನ್ನು ಒಬ್ಬ ಓದುಗಳ ಅಭಿಪ್ರಾಯವೆಂದು ತಿಳಿಯಬೇಕಾಗಿ ವಿನಂತಿ.

ಪ್ರಶ್ನೆ: ಮೂವತ್ತು ವರ್ಷಗಳಿಂದ ಪ್ರೇಮ ಕಾದಂಬರಿಗಳನ್ನು ಓದುತ್ತಿದ್ದೇನೆ. "ಎಲ್ಲದರ ಕೊನೆಯೂ ಮದುವೆಯೇ ತಾನೆ, ಒಂದನ್ನು ಓದಿದರೆ ಎಲ್ಲವನ್ನೂ ಓದಿದಂತೆ" ಎಂದು ಮನೆಯವರು ಹೇಳುತ್ತಾರೆ. ನಾನು ತ್ರಿವೇಣಿಯವರನ್ನು ಓದಿದರೆ ಕಾಲೇಜಿಗೆ ಹೋಗುವ ಮಗಳು ಇಂಗ್ಲಿಷ್ ಕಾದಂಬರಿಗಳನ್ನು ಓದುತ್ತಾಳೆ. ಇಂಥ ಕಾದಂಬರಿಗಳಲ್ಲಿ ಒಳ್ಳೆಯದು ಯಾವುದು, ಸಾಧಾರಣವಾದದ್ದು ಯಾವುದು ಎಂದು ತಿಳಿಯುವುದು ಹೇಗೆ?
— ಒಬ್ಬ ಗೃಹಿಣಿ, ಮೂರ್ನಾಡು

ಉತ್ತರ: ಮೊದಲು ಮನೆಯವರ ಮಾತನ್ನು ತೆಗೆದುಕೊಳ್ಳೋಣ. ಕೊನೆ ಮೊದಲೇ ಗೊತ್ತಿರುವುದು ಈ ಕಾದಂಬರಿಗಳ ದೋಷವಲ್ಲ. ಕೊಡವ ಮದುವೆಯ ಗಂಗಾಪೂಜೆಯನ್ನು ನೀವು ಎಷ್ಟೋ ಸಲ ನೋಡಿರುತ್ತೀರಿ. ಮದುಮಗಳು ಬಾವಿಯ ನೀರನ್ನು ಕೊಡದಲ್ಲಿ ತುಂಬಿ ತಲೆಯ ಮೇಲಿಟ್ಟುಕೊಂಡು ಮನೆಯತ್ತ ಹೊರಟರೆ ಗಂಡಿನ ಕಡೆಯವರು ವಾಲಗಕ್ಕೆ ಹೆಜ್ಜೆ ಹಾಕುತ್ತಾ ಅವಳ ದಾರಿಯನ್ನು ಕಟ್ಟುತ್ತಾರೆ. ಅವಳು ಕೊನೆಗೆ ಮನೆಯೊಳಗೆ ಬಂದೇ ಬರುತ್ತಾಳೆ ಎಂಬುದು ಅಲ್ಲಿ ನಿಂತ ಮಕ್ಕಳಿಗೂ ಗೊತ್ತು. ಆದರೂ ಯಾರೂ ಅಲ್ಲಿಂದ ಕದಲುವುದಿಲ್ಲ. ಕೊಡದ ಭಾರವನ್ನು ಅವಳು ಹೇಗೆ ತಾಳಿಕೊಳ್ಳುತ್ತಾಳೆ, ಒಂದು ಹೆಜ್ಜೆ ಮುಂದಿಡಲು ಎಷ್ಟು ಹೊತ್ತು ಕಾಯುತ್ತಾಳೆ, ಕಣ್ಣನ್ನು ಎಲ್ಲಿ ನೆಡುತ್ತಾಳೆ ಎಂಬುದನ್ನೇ ಎಲ್ಲರೂ ನೋಡುತ್ತಿರುತ್ತಾರೆ. ಪ್ರೇಮ ಕಾದಂಬರಿಯನ್ನು ನಾನು ಓದುವುದೂ ಹೀಗೆಯೇ.

ಆದ್ದರಿಂದ ಒಂದು ಕಾದಂಬರಿಯನ್ನು ಕೈಗೆತ್ತಿಕೊಂಡಾಗ ನಾನು ಕೊನೆಯನ್ನು ನೋಡುವುದಿಲ್ಲ, ಅಡ್ಡಿಯನ್ನು ನೋಡುತ್ತೇನೆ. ಇವರಿಬ್ಬರೂ ಒಂದಾಗಲು ತಡೆಯಾಗಿರುವುದು ಏನು? ಅದು ಎಲ್ಲಿಂದ ಬಂದಿದೆ? ನಾಯಕಿ ನಾಯಕನನ್ನು ಬಸ್‌ಸ್ಟ್ಯಾಂಡಿನಲ್ಲಿ ಬೇರೊಬ್ಬ ಹೆಣ್ಣಿನ ಜೊತೆ ಕಂಡು, ಒಂದು ಮಾತೂ ಕೇಳದೆ ಊರು ಬಿಟ್ಟು, ಇನ್ನೂರು ಪುಟಗಳ ಬಳಿಕ ಆಕೆ ಅವನ ತಂಗಿಯೆಂದು ತಿಳಿದು ಕಣ್ಣೀರಿಡುವ ಕಥೆಗಳನ್ನು ನಾವೆಲ್ಲರೂ ಓದಿದ್ದೇವೆ. ಎದುರುಬದುರು ಕುಳಿತು ಐದು ನಿಮಿಷ ಮಾತಾಡಿದರೆ ಕರಗಿಹೋಗುವ ಅಡ್ಡಿಯ ಮೇಲೆ ನಿಂತ ಕಾದಂಬರಿ, ಭಾಷೆ ಎಷ್ಟೇ ಸೊಗಸಾಗಿದ್ದರೂ, ನನ್ನ ಮಟ್ಟಿಗೆ ಸಾಧಾರಣವೇ. ಮಾತಾಡಿದರೂ ಕರಗದ ಅಡ್ಡಿ ಬೇಕು. ಅದು ಆ ಇಬ್ಬರ ಸ್ವಭಾವದಿಂದಲೋ ಅವರ ಬದುಕಿನ ಆಧಾರದಿಂದಲೋ ಹುಟ್ಟಿರಬೇಕು.

ನೀವು ಓದುವ ತ್ರಿವೇಣಿಯವರಿಂದಲೇ ಉದಾಹರಣೆ ಕೊಡುತ್ತೇನೆ. 1967ರಲ್ಲಿ ಪುಟ್ಟಣ್ಣ ಕಣಗಾಲರ ಚಲನಚಿತ್ರವಾಗಿ ಇನ್ನಷ್ಟು ಮಂದಿಯನ್ನು ತಲುಪಿದ 'ಬೆಳ್ಳಿಮೋಡ'ದಲ್ಲಿ ನಾಯಕಿ ಇಂದಿರಾ ಎಸ್ಟೇಟಿನ ಒಬ್ಬಳೇ ವಾರಸುದಾರಳು. ಅವಳಿಗೆ ಗಂಡೂ ಗೊತ್ತಾಗಿದೆ. ಅಷ್ಟು ವರ್ಷಗಳ ಮೇಲೆ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ. ಮನೆಗೆ ಬಂದ ಆ ಸಂತೋಷವೇ ಅವಳ ಮದುವೆಗೆ ಅಡ್ಡಿಯಾಗುತ್ತದೆ. ಆಸ್ತಿ ಕೂಸಿನ ಪಾಲಾದದ್ದೇ ತಡ, ಗೊತ್ತಾಗಿದ್ದ ಗಂಡಿನ ಮನಸ್ಸು ತಿರುಗುತ್ತದೆ. ಇಲ್ಲಿ ಖಳನಾಯಕನಿಲ್ಲ, ಕದ್ದು ಓದಿದ ಪತ್ರವಿಲ್ಲ. ತೊಟ್ಟಿಲಲ್ಲಿ ಮಲಗಿದ ಒಂದು ಕೂಸು ಒಬ್ಬ ಗಂಡಸಿನ ಪ್ರೀತಿ ಎಷ್ಟರದೆಂಬುದನ್ನು ತೋರಿಸಿಬಿಡುತ್ತದೆ. ಕಾಫಿ ತೋಟವನ್ನು ಪಾಲು ಮಾಡಿಕೊಂಡ ಮನೆಗಳಲ್ಲಿ ಬೆಳೆದ ನಮಗೆ ಇದು ಎಷ್ಟು ನಿಜವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಿಮ್ಮ ಮಗಳ ಕಡೆಗೆ ಬರೋಣ. ಅವಳ ಪುಸ್ತಕಗಳ ನಡುವೆ ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ 'ಪ್ರೈಡ್ ಅಂಡ್ ಪ್ರಿಜುಡಿಸ್' ಇದ್ದೇ ಇರಬಹುದು. ಅಲ್ಲಿಯ ಮನೆಯಲ್ಲಿ ಐದು ಹೆಣ್ಣುಮಕ್ಕಳು, ಗಂಡುಸಂತಾನವಿಲ್ಲ. ತಂದೆಯ ಕಾಲ ಮುಗಿದರೆ ಆಸ್ತಿ ಕಾನೂನಿನಂತೆ ದೂರದ ಒಬ್ಬ ದಾಯಾದಿಗೆ ಹೋಗುತ್ತದೆ. ಇಂದಿರೆಗೆ ತಮ್ಮ ಹುಟ್ಟಿದ್ದು ತೊಡಕಾದರೆ ಇಲ್ಲಿಯ ನಾಯಕಿ ಎಲಿಜಬೆತ್‌ಗೆ ತಮ್ಮ ಹುಟ್ಟದಿರುವುದು ತೊಡಕು. ಆ ದಾಯಾದಿಯೇ ಬಂದು ಮದುವೆಯ ಪ್ರಸ್ತಾಪ ಮುಂದಿಟ್ಟಾಗ ಎಲಿಜಬೆತ್ ಒಲ್ಲೆನೆನ್ನುತ್ತಾಳೆ. ಅವಳ ಗೆಳತಿ ಶಾರ್ಲಟ್ ತಲೆಯ ಮೇಲೊಂದು ಸೂರಾದರೂ ಸಿಗಲೆಂದು ಅವನನ್ನೇ ಒಪ್ಪುತ್ತಾಳೆ. ಶಾರ್ಲಟ್‌ಳನ್ನು ಲೇಖಕಿ ಎಲ್ಲಿಯೂ ಕೆಟ್ಟವಳನ್ನಾಗಿ ಮಾಡುವುದಿಲ್ಲ ಎಂಬ ಕಾರಣಕ್ಕೇ ನನಗೆ ಆ ಕಾದಂಬರಿಯ ಮೇಲೆ ಗೌರವ ಹೆಚ್ಚು.

ಅದರ ಇನ್ನೊಂದು ಸನ್ನಿವೇಶವನ್ನು ಹೇಳದೆ ಮುಂದೆ ಹೋಗಲಾರೆ. ನಾಯಕ ಡಾರ್ಸಿಯ ಮದುವೆಯ ಪ್ರಸ್ತಾಪವನ್ನು ಎಲಿಜಬೆತ್ ಕಾರಣಗಳನ್ನು ಮುಖಕ್ಕೇ ಹೇಳಿ ನಿರಾಕರಿಸಿದ ಮರುದಿನ ಅವನು ಒಂದು ಉದ್ದನೆಯ ಪತ್ರವನ್ನು ಅವಳ ಕೈಗಿತ್ತು ಹೊರಟುಹೋಗುತ್ತಾನೆ. ಅವಳು ನಡೆಯುತ್ತಲೇ ಅದನ್ನು ಓದಿ, ಇದೆಲ್ಲ ಸುಳ್ಳು, ಇನ್ನೆಂದೂ ಇದನ್ನು ನೋಡುವುದಿಲ್ಲವೆಂದು ಮಡಿಚಿಡುತ್ತಾಳೆ. ಅರ್ಧ ನಿಮಿಷವೂ ಕಳೆಯುವುದಿಲ್ಲ, ಮತ್ತೆ ಬಿಡಿಸುತ್ತಾಳೆ. ಈ ಸಲ ಒಂದೊಂದು ವಾಕ್ಯದ ಮೇಲೂ ನಿಂತು, ತಾನು ಕಂಡದ್ದರೊಂದಿಗೆ ತಾಳೆ ನೋಡುತ್ತಾ, ತನ್ನ ತೀರ್ಮಾನವೇ ತಪ್ಪಾಗಿತ್ತೆಂಬ ಕಡೆಗೆ ಬರುತ್ತಾಳೆ. ಬಸ್‌ಸ್ಟ್ಯಾಂಡಿನ ತಪ್ಪು ತಿಳಿವಳಿಕೆಗೂ ಇದಕ್ಕೂ ಇರುವ ಅಂತರವನ್ನು ಗಮನಿಸಿ. ಅಲ್ಲಿ ಒಂದು ಸುದ್ದಿ ತಿಳಿದರೆ ಕಥೆ ಮುಗಿಯಿತು. ಇಲ್ಲಿ ಸುದ್ದಿ ತಿಳಿದ ಮೇಲೆಯೇ ನಾಯಕಿ ತನ್ನನ್ನು ತಾನು ತಿದ್ದಿಕೊಳ್ಳುವ ಕೆಲಸ ಮೊದಲಾಗುತ್ತದೆ.

ತಾಯಿ ಮಗಳು ಒಂದು ತಿಂಗಳ ಮಟ್ಟಿಗೆ ಈ ಎರಡು ಪುಸ್ತಕಗಳನ್ನು ಅದಲುಬದಲು ಮಾಡಿಕೊಂಡು ಓದಿ ನೋಡಿ. ನಿಮಗೆ ಇಂಗ್ಲಿಷ್ ಓದು ಕಷ್ಟವೆನಿಸಿದರೆ ಮಗಳೇ ಸಂಜೆ ಹೊತ್ತು ಓದಿ ಹೇಳಲಿ.

ಪ್ರಶ್ನೆ: ನಾನು ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಮಡದಿ ಓದಿ ಮುಗಿಸಿದ ಕಾದಂಬರಿಗಳನ್ನು ನಾನೂ ಓದುತ್ತೇನೆ. ಕೊಡಗಿನ ಎಸ್ಟೇಟಿನಲ್ಲಿ ನಡೆಯುವ ಪ್ರೇಮಕಥೆಯೊಂದರಲ್ಲಿ ನಾಯಕ ನಾಯಕಿ ಡಿಸೆಂಬರಿನಲ್ಲಿ ಅರಳಿದ ಕಾಫಿ ಹೂವಿನ ನಡುವೆ ಓಡಾಡುತ್ತಾರೆ. ಇಂಥ ತಪ್ಪುಗಳನ್ನು ಕಂಡೂ ಕಾಣದಂತೆ ಬಿಡಬೇಕೆ?
— ಸೋಮವಾರಪೇಟೆ ಕಡೆಯ ಓದುಗರು

ಉತ್ತರ: ಬಿಡಬಾರದು. ಡಿಸೆಂಬರೆಂದರೆ ಅರೇಬಿಕಾ ಕೊಯ್ಲಿನ ಕಾಲ. ಗಿಡದಲ್ಲಿ ಕೆಂಪು ಹಣ್ಣು, ಕಣದಲ್ಲಿ ಒಣಹಾಕಿದ ಕಾಫಿ, ಸಂಜೆ ಚೀಲಗಳನ್ನು ತೂಗಿ ಲೆಕ್ಕ ಬರೆಯುವವರು ನಿಮ್ಮಂಥವರು. ಹೂವು ಬರುವುದು ಫೆಬ್ರವರಿಯಿಂದ ಏಪ್ರಿಲಿನವರೆಗೆ ಯಾವಾಗಲೋ ಬೀಳುವ ಹೂಮಳೆಯ ನಂತರ. ಮಳೆಯಾದ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಒಮ್ಮೆಲೇ ಬೆಳ್ಳಗಾಗಿ, ಮಲ್ಲಿಗೆಯಂಥ ಪರಿಮಳ ರಸ್ತೆಯವರೆಗೂ ಹಬ್ಬಿ, ಮೂರು ನಾಲ್ಕು ದಿನಗಳಲ್ಲಿ ಹೂವು ಕಂದಿ ಉದುರುತ್ತದೆ.

ತಿಂಗಳು ತಪ್ಪಿದ್ದಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸುವುದು ಬೇರೆಯದು. ನಿಜವಾದ ಬೆಳೆಗಾರನೊಬ್ಬ ಹೂವರಳಿದ ದಿನ ಪ್ರಿಯತಮೆಯ ಕೈ ಹಿಡಿದು ನಿಂತಿದ್ದರೂ ಅವನ ಕಣ್ಣು ಮೋಡದ ಮೇಲೆಯೇ ಇರುತ್ತದೆ, ಏಕೆಂದರೆ ಹೂವು ಬಿರಿದ ಹೊತ್ತಿನಲ್ಲಿ ಮಳೆ ಹೊಡೆದರೆ ಪರಾಗಸ್ಪರ್ಶ ಕೆಟ್ಟು ಕಾಯಿ ಕಟ್ಟುವುದಿಲ್ಲ. ಹೂವು ಉದುರಿ ಎರಡು ಮೂರು ವಾರ ಕಳೆದ ಮೇಲಾದರೋ ಅದೇ ಮಳೆಗಾಗಿ, ಕಾಯಿ ನಿಲ್ಲಲು ಬೇಕಾದ ಬ್ಯಾಕಿಂಗ್ ಮಳೆಗಾಗಿ, ಅವನು ಕಾಯಬೇಕು. ಒಲವಿನ ಮಾತು ಆಡುವ ಗಳಿಗೆಗೂ ವರ್ಷದ ಬದುಕು ನಿರ್ಧಾರವಾಗುವ ಗಳಿಗೆಗೂ ಒಂದೇ ದಿನ ಕೂಡಿಬರುತ್ತದೆಯೆಂದರೆ ಕಾದಂಬರಿಕಾರರಿಗೆ ಇದಕ್ಕಿಂತ ಬೇರೆ ಏನು ಬೇಕು? ಆದರೂ ನಮ್ಮ ಎಸ್ಟೇಟ್ ಕಥೆಗಳಲ್ಲಿ ಮಂಜು ಇರುತ್ತದೆ, ಬಂಗಲೆ ಇರುತ್ತದೆ, ಜೀಪು ಇರುತ್ತದೆ, ಕೆಲಸ ಇರುವುದಿಲ್ಲ. ಲೈನ್ ಮನೆಗಳಲ್ಲಿ ವಾಸಿಸುವ ತೋಟದ ಕಾರ್ಮಿಕರು ನಾಯಕಿಗೆ ನಮಸ್ಕಾರ ಹೇಳಲು ಮಾತ್ರ ಬಾಗಿಲಿಗೆ ಬರುತ್ತಾರೆ. ಅವರಲ್ಲೂ ಪ್ರೀತಿಸುವವರಿದ್ದಾರೆ, ಆ ಕಾದಂಬರಿಗಾಗಿ ನಾನು ಇನ್ನೂ ಕಾಯುತ್ತಿದ್ದೇನೆ. ದಯವಿಟ್ಟು ಆ ಲೇಖಕರಿಗೆ ಪ್ರಕಾಶಕರ ಮೂಲಕ ಒಂದು ಪತ್ರ ಬರೆಯಿರಿ. ಕೊಯ್ಲಿನ ದಿನವೊಂದರ ನಿಮ್ಮ ಲೆಕ್ಕದ ಪುಸ್ತಕ ಹೇಗಿರುತ್ತದೆ ಎಂದು ಬರೆದರೂ ಅವರಿಗೆ ಉಪಕಾರವಾದೀತು.

ಪ್ರಶ್ನೆ: ಗೆಳತಿಯರು ಮೆಚ್ಚಿದ ಒಂದು ಕಾದಂಬರಿಯಲ್ಲಿ ನಾಯಕನು ನಾಯಕಿಯ ಕೆನ್ನೆಗೆ ಹೊಡೆಯುತ್ತಾನೆ, ಬಲವಂತವಾಗಿ ಕೈ ಹಿಡಿದೆಳೆಯುತ್ತಾನೆ, ಅವಳು ಅದನ್ನೇ ಪ್ರೀತಿಯೆಂದು ತಿಳಿಯುತ್ತಾಳೆ. ನನಗೆ ಓದಲಾಗಲಿಲ್ಲ. ನನ್ನಲ್ಲೇ ರಸಿಕತೆ ಕಡಿಮೆಯೇ?
— ಪದವಿ ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ಖಂಡಿತವಾಗಿಯೂ ಅಲ್ಲಮ್ಮ. ನೀನು ಪುಸ್ತಕವನ್ನು ಮುಚ್ಚಿಟ್ಟದ್ದು ಸರಿಯಾಗಿದೆ. ನಾಯಕಿಗೆ ಒಲ್ಲೆನೆನ್ನುವ ಅವಕಾಶ ಇದ್ದಾಗ ಮಾತ್ರ ಅವಳು ಹೂಂ ಎಂದದ್ದಕ್ಕೆ ಬೆಲೆ ಬರುತ್ತದೆ. ಈ ದೋಷ ಹಳೆಯ ಕಾದಂಬರಿಗಳಲ್ಲಿಯೂ ಇದೆ, ಇಂದಿನವುಗಳಲ್ಲಿಯೂ ಇದೆ; ನಾನು ನಿನ್ನ ವಯಸ್ಸಿನಲ್ಲಿ ಇಂಥವನ್ನು ಸಹಿಸಿಕೊಂಡು ಓದಿದ್ದೇನೆ, ಈಗ ಸಹಿಸುವುದಿಲ್ಲ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ, ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಷ್ಟು ಹಿಂದೆಯೇ ಎಳೆಯ ವಿಧವೆಯೊಬ್ಬಳು ತನ್ನ ಮೇಲೆ ಹೇರಿದ್ದನ್ನು ತಿರಸ್ಕರಿಸಿ ಹೊರಬಂದು, ಓದಿ, ಮತ್ತೆ ಮದುವೆಯಾಗುವುದನ್ನು ಬರೆದಿತ್ತು. ಗೆಳತಿಯರ ಜೊತೆ ಜಗಳವಾಡಬೇಡ, ಆದರೆ ನಿನ್ನ ಕಾರಣವನ್ನು ಅವರೆದುರು ಸ್ಪಷ್ಟವಾಗಿ ಹೇಳು.

ಪ್ರಶ್ನೆ: ಕೊಡಗಿನ ಲೇಖಕರು ಪ್ರೇಮದ ಬಗ್ಗೆ ಬರೆದದ್ದಿದೆಯೇ? 'ಎಡಕಲ್ಲು ಗುಡ್ಡ' ನಮ್ಮ ಜಿಲ್ಲೆಯಲ್ಲಿದೆಯೇ?
— ನಾಪೋಕ್ಲು

ಉತ್ತರ: ಎಡಕಲ್ಲು ಇರುವುದು ಕೇರಳದ ವಯನಾಡಿನಲ್ಲಿ. 'ಎಡಕಲ್ಲು ಗುಡ್ಡದ ಮೇಲೆ' ಬರೆದ ಭಾರತೀಸುತರು ಮಾತ್ರ ನಮ್ಮವರು. 1973ರ ಚಲನಚಿತ್ರವನ್ನಷ್ಟೇ ನೋಡಿದವರು ಪುಸ್ತಕವನ್ನೂ ಓದಬೇಕು. ಅವರಿಗಿಂತ ಮೊದಲೇ, ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿದ ಕೊಡಗಿನ ಗೌರಮ್ಮ ಇದ್ದರು. ಅವರು ಬರೆದದ್ದು ಕಾದಂಬರಿಯಲ್ಲ, ಸಣ್ಣ ಕಥೆ. 1939ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಈಜಲು ಹೋಗಿ ನೀರುಪಾಲಾದ ಈ ತಾಯಿ ಬಿಟ್ಟುಹೋದ 'ಕಂಬನಿ', 'ಚಿಗುರು' ಸಂಕಲನಗಳಲ್ಲಿ ಹೆಣ್ಣಿನ ಒಲವು, ವಿಧವೆಯ ಒಂಟಿತನ, ಮದುವೆಯಲ್ಲಿ ನುಂಗಿಕೊಂಡ ಮಾತು ಎಲ್ಲವೂ ಇವೆ. ಗೌರಮ್ಮ ಇನ್ನೊಂದು ಇಪ್ಪತ್ತು ವರ್ಷ ಬದುಕಿ ಒಂದು ಕಾದಂಬರಿ ಬರೆದಿದ್ದರೆ ಎಂದು ನಾನು ಯೋಚಿಸದ ವರ್ಷವಿಲ್ಲ.

ಪ್ರಶ್ನೆ: ಅತ್ತೆಯವರು ವಾರಪತ್ರಿಕೆಗಳಿಂದ ಧಾರಾವಾಹಿಗಳನ್ನು ಕತ್ತರಿಸಿ ಹೊಲಿದಿಟ್ಟ ಪುಸ್ತಕಗಳು ನಮ್ಮಲ್ಲಿವೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತಿವೆ. ಏನು ಮಾಡಲಿ?
— ಭಾಗಮಂಡಲ

ಉತ್ತರ: ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಮಳೆ ಪೂರ್ತಿ ನಿಂತ ಮೇಲೆ, ನೇರ ಬಿಸಿಲು ಬೀಳದ ಜಗಲಿಯಲ್ಲಿ ಪುಟಗಳನ್ನು ಬಿಡಿಸಿ ಗಾಳಿಗಿಟ್ಟು, ಚೆನ್ನಾಗಿ ಒಣಗಿದ ಮೇಲೆ ಮೆತ್ತನೆಯ ಬ್ರಶ್ಶಿನಿಂದ ಮನೆಯ ಹೊರಗೆ ನಿಂತು ಝಾಡಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ತೇವ ಉಳಿದಿರುವ ಪುಸ್ತಕವನ್ನು ಟ್ರಂಕಿನಲ್ಲಿಟ್ಟು ಮುಚ್ಚಿದರೆ ಬೂಷ್ಟು ಮತ್ತಷ್ಟು ಹೆಚ್ಚುತ್ತದೆ. ಹಾಳೆಗಳು ಪುಡಿಯಾಗುವಂತಿದ್ದರೆ ಮೊದಲು ಒಂದೊಂದು ಪುಟದ ಫೋಟೊ ತೆಗೆದಿಡಿ.

ನನ್ನ ತಾಯಿಯೂ ಹೀಗೆಯೇ ಹೊಲಿದಿಟ್ಟಿದ್ದರು. ದಬ್ಬಣ, ಗೋಣಿದಾರ, ಮೈದಾ ಅಂಟು, ಹೊದಿಕೆಗೆ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ. ಅವುಗಳಲ್ಲಿ ಒಂದಕ್ಕೆ ಕೊನೆಯ ಕಂತು ಇಲ್ಲ. ಆ ವಾರ ರಸ್ತೆಯ ಮೇಲೆ ಬರೆ ಕುಸಿದು ಬಸ್ಸು ಬರಲಿಲ್ಲ, ಪತ್ರಿಕೆಯೂ ಬರಲಿಲ್ಲ. ಮನೆಯಲ್ಲಿರುವ ಎಲ್ಲ ಪುಸ್ತಕಗಳಿಗಿಂತ ಅದನ್ನೇ ನಾನು ಹೆಚ್ಚು ಸಲ ಓದಿದ್ದೇನೆ. ಕೊನೆಯ ಪುಟದಲ್ಲಿ ನಾಯಕಿ ಪೆಟ್ಟಿಗೆಯನ್ನು ಹೊಸ್ತಿಲ ಮೇಲಿಟ್ಟು, ಒಳಗಿನಿಂದ ಬಂದ ಕರೆಗೆ ಹಿಂತಿರುಗಿ ನೋಡುತ್ತಾಳೆ. ಅಲ್ಲಿಗೆ 'ಮುಂದುವರಿಯುವುದು' ಎಂದಿದೆ.