‘ಪಿತಾಮಹ’ ಬೇಡ, ಬಟನ್ ಕಥೆ ಹೇಳಿ

ಪ್ರಿಯರೇ,

‘ವಿಡಿಯೊ ಗೇಮ್ ಪಿತಾಮಹ ಮಸಾಯುಕಿ ಉಯೆಮುರಾ’ ಎಂಬ ನಿಮ್ಮ ಲೇಖನ ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಎರಡು ಸಲ ಓದಿದ್ದೇನೆ. ಈಗಿರುವ ರೂಪದಲ್ಲಿ ಪತ್ರಿಕೆಯಲ್ಲಿ ಹಾಕಲು ಬರುವುದಿಲ್ಲ. ಹಾಗಂತ ಪಕ್ಕಕ್ಕೆ ಎತ್ತಿಟ್ಟೂ ಇಲ್ಲ. ಎತ್ತಿಡುವಂತಿದ್ದರೆ ಎರಡು ಸಾಲಿನ ವಿಷಾದ ಪತ್ರ ಬರೆದು ಸುಮ್ಮನಾಗುತ್ತಿದ್ದೆ.

ನೀವು ಶುರು ಮಾಡುವುದು ಹೀಗೆ: ‘1943ರ ಜೂನ್ 20ರಂದು ಟೋಕಿಯೊದಲ್ಲಿ ಜನಿಸಿದ ಉಯೆಮುರಾ ಬಾಲ್ಯದಿಂದಲೇ ಅಪ್ರತಿಮ ಪ್ರತಿಭಾವಂತರಾಗಿದ್ದರು.’ ತಾರೀಖು ಸರಿಯಾಗಿದೆ. ಆದರೆ ಇದು ಸನ್ಮಾನ ಪತ್ರದ ಭಾಷೆ. ಶಾಲು, ಹಾರ, ಹಣ್ಣಿನ ಬುಟ್ಟಿ ಮಾತ್ರ ಬಾಕಿ. ಆಮೇಲೆ ಚಿಬಾ ತಾಂತ್ರಿಕ ಕಾಲೇಜು, ಹಯಕಾವಾ ಎಲೆಕ್ಟ್ರಿಕ್ (ಅದೇ ಮುಂದೆ ಶಾರ್ಪ್ ಆದ ಕಂಪನಿ), ಕ್ಯೋಟೊದ ಆಟಿಕೆ ಕಂಪನಿ ನಿಂಟೆಂಡೊ, 1983ರಲ್ಲಿ ಫ್ಯಾಮಿಕಾಮ್ (ಟಿವಿಗೆ ಜೋಡಿಸಿ ಆಡುವ ಯಂತ್ರ), 1990ರಲ್ಲಿ ಅದರ ಮುಂದಿನ ಅವತಾರ ಸೂಪರ್ ಫ್ಯಾಮಿಕಾಮ್, 2004ರಲ್ಲಿ ನಿವೃತ್ತಿ, ಕ್ಯೋಟೊದ ರಿತ್ಸುಮೇಕಾನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದು, 2021ರ ಡಿಸೆಂಬರ್ 6ರಂದು ನಿಧನ. ರೈಲು ಪ್ರತಿ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ, ಯಾರೂ ಹತ್ತುವುದಿಲ್ಲ, ಯಾರೂ ಇಳಿಯುವುದಿಲ್ಲ.

ಆದರೆ ಈ ದಾರಿಯಲ್ಲಿ ಇಳಿಯಲೇಬೇಕಾದ ಜಾಗಗಳಿವೆ. 1981ರ ನವೆಂಬರ್‌ನ ಆ ಫೋನ್ ಕರೆಯನ್ನೇ ನೋಡಿ. ನಿಂಟೆಂಡೊ ಅಧ್ಯಕ್ಷ ಹಿರೋಶಿ ಯಮೌಚಿ ಸಂಜೆ ಗುಂಡು ಹಾಕಿಕೊಂಡ ಮೇಲೆ ಉಯೆಮುರಾಗೆ ಫೋನ್ ಮಾಡುವುದು ರೂಢಿ. ಅವತ್ತು ಕೂಡ ಮಾಡಿದರು. ಟಿವಿಗೆ ಜೋಡಿಸಿ, ಕ್ಯಾಸೆಟ್ ಬದಲಿಸುತ್ತಾ ಆಡುವಂಥ ಯಂತ್ರ ಮಾಡು ಅಂದರು. ಅಮಲಿನ ಮಾತು ಅಂದುಕೊಂಡ ಉಯೆಮುರಾ ಆಯ್ತು ಸಾರ್ ಅಂತ ಫೋನ್ ಇಟ್ಟುಬಿಟ್ಟರು. ಮರುದಿನ ಯಮೌಚಿ ಪೂರ್ತಿ ಎಚ್ಚರದಲ್ಲಿ ಎದುರಿಗೆ ಬಂದು, ನಿನ್ನೆ ಹೇಳಿದ ಕೆಲಸ ಎಲ್ಲಿಗೆ ಬಂತು ಎಂದು ಕೇಳಿದಾಗಲೇ ಅದು ನಿಜವಾದ ಆಜ್ಞೆ ಅಂತ ಗೊತ್ತಾಗಿದ್ದು. ಇದನ್ನು ಉಯೆಮುರಾ ತಾವೇ ನಗುತ್ತಾ ಹೇಳಿಕೊಂಡಿದ್ದಾರೆ. ನಿಮ್ಮಲ್ಲಿ ಇದು ಏನಾಗಿದೆ ಗೊತ್ತೇ? ‘ಆಡಳಿತ ಮಂಡಳಿಯ ನಿರ್ದೇಶನದಂತೆ ಯೋಜನೆ ಕೈಗೆತ್ತಿಕೊಳ್ಳಲಾಯಿತು.’ ಸರ್ಕಾರಿ ಸುತ್ತೋಲೆಯೂ ಇದಕ್ಕಿಂತ ರುಚಿಯಾಗಿರುತ್ತದೆ.

ಇನ್ನು ‘ಪಿತಾಮಹ’ನ ವಿಷಯ. ಟಿವಿಗೆ ಜೋಡಿಸುವ ಆಟದ ಯಂತ್ರ ಅಮೆರಿಕದಲ್ಲಿ 1972ರಲ್ಲೇ ಅಂಗಡಿಗೆ ಬಂದಿತ್ತು: ರಾಲ್ಫ್ ಬೇರ್ ಅವರ ಒಡಿಸ್ಸಿ. ಚಿಪ್ ಇರುವ ಕ್ಯಾಸೆಟ್ ಬದಲಿಸಿ ಆಡುವ ಏರ್ಪಾಡು 1976ರಲ್ಲಿ ಜೆರ್ರಿ ಲಾಸನ್ ಅವರ ತಂಡದಿಂದ ಬಂತು. ಮರುವರ್ಷ ಅಮೆರಿಕದ ಅಟಾರಿ ಕಂಪನಿಯ ಯಂತ್ರ. ‘ಉಯೆಮುರಾ ಇರದಿದ್ದರೆ ಗೇಮಿಂಗ್ ಲೋಕವೇ ಇರುತ್ತಿರಲಿಲ್ಲ’ ಎಂಬ ನಿಮ್ಮ ಸಾಲನ್ನು ತಿಳಿದವರೊಬ್ಬರು ಓದಿದರೆ ಅಲ್ಲಿಗೇ ಪುಟ ಮಗುಚುತ್ತಾರೆ. ಇನ್ನೊಂದು ಎಡವಟ್ಟು: ಕೂಡಿಸು ಚಿಹ್ನೆಯ ಆಕಾರದ ದಿಕ್ಕಿನ ಬಟನ್ನನ್ನು ಇವರ ಲೆಕ್ಕಕ್ಕೆ ಬರೆದಿದ್ದೀರಿ. ಅದು ನಿಂಟೆಂಡೊದಲ್ಲೇ ಇದ್ದ ಗುನ್ಪೇ ಯೊಕೊಯಿ ಅವರದ್ದು, 1982ರಲ್ಲಿ ಡಾಂಕಿ ಕಾಂಗ್ ಎಂಬ ಆಟದ ಕೈಯಲ್ಲಿ ಹಿಡಿದು ಆಡುವ ಪುಟ್ಟ ರೂಪಕ್ಕೆ ಮಾಡಿದ್ದು. ಆಟದ ನಾಯಕ ಮಾರಿಯೊ ಅಲ್ಲಿಯವರೇ ಆದ ಶಿಗೆರು ಮಿಯಾಮೊಟೊ ಅವರ ಕೂಸು. ಮೂವರ ಕೆಲಸವನ್ನು ಒಬ್ಬರ ಕೊರಳಿಗೆ ಹಾಕಿದಾಗ ಆ ಒಬ್ಬರು ನಿಜಕ್ಕೂ ಮಾಡಿದ್ದೇನು ಎಂಬುದೇ ಮರೆಯಾಗುತ್ತದೆ.

ಉಯೆಮುರಾ ಮಾಡಿದ್ದು ಚೌಕಾಸಿ. ಅಗ್ಗದಲ್ಲಿ ಮಾಡುವುದು, ಮಾಡಿದ್ದು ಅಗ್ಗ ಅನ್ನಿಸದಂತೆ ಮಾಡುವುದು. ಮೂಲ ಡಾಂಕಿ ಕಾಂಗ್ ಅಂಗಡಿಯಲ್ಲಿ ನಿಂತು ಆಡುವ ದೊಡ್ಡ ಪೆಟ್ಟಿಗೆ. ಅದನ್ನು ಮನೆಯ ಟಿವಿಗೆ ತರಬೇಕು, ಬೆಲೆ ಮಾತ್ರ ಅಪ್ಪಂದಿರು ಗೊಣಗುತ್ತಲಾದರೂ ಕೊಡುವಷ್ಟಿರಬೇಕು. ಕೊನೆಗೆ ನಿಂತಿದ್ದು 14,800 ಯೆನ್‌ಗೆ. ಚಿಪ್ ಮಾಡಿಕೊಡಲು ಒಪ್ಪಿದವರು ರಿಕೋ ಕಂಪನಿಯವರು, ಆಗ ಅವರ ಚಿಪ್ ಕಾರ್ಖಾನೆಗೆ ಸಾಕಷ್ಟು ಕೆಲಸವಿರಲಿಲ್ಲ. 6502 ಎಂಬ ಅಗ್ಗದ ಪ್ರೊಸೆಸರ್ ಆರಿಸಿ, ಅದರಲ್ಲಿ ದಶಮಾಂಶ ಲೆಕ್ಕದ ಭಾಗವನ್ನು ಕೆಲಸಕ್ಕೆ ಬಾರದಂತೆ ಮಾಡಿ, ಧ್ವನಿಯ ಭಾಗವನ್ನು ಅದೇ ಚಿಪ್ಪಿನೊಳಗೆ ಸೇರಿಸಿದರು. ವೇಗ 1.79 ಮೆಗಾಹರ್ಟ್ಜ್. ಮೆಮೊರಿ 2 ಕಿಲೋಬೈಟ್. ನಿಮ್ಮ ಲೇಖನದ ಮೊದಲ ಎರಡು ಪ್ಯಾರಾವನ್ನು ಯುನಿಕೋಡ್‌ನಲ್ಲಿ ತುಂಬಿಸಿದರೆ ಅದಕ್ಕೇ ಆ ಜಾಗ ಸಾಲದು. ಚಿತ್ರಕ್ಕೆಂದೇ ಬೇರೆ ಚಿಪ್ ಇತ್ತು ನಿಜ, ಆದರೂ ಅಷ್ಟರಲ್ಲಿ ಮಾರಿಯೊ ಓಡಿದ.

ಈ ಅಂಕಿಗಳು ನಿಮ್ಮಲ್ಲೂ ಇವೆ, ಪಟ್ಟಿಯಾಗಿ. ಪಟ್ಟಿಯಲ್ಲಿ ಕೂತ ಅಂಕಿ ಯಾರ ಮೇಲೂ ಭಾರ ಹಾಕುವುದಿಲ್ಲ. ಕಂಟ್ರೋಲರ್ ನೋಡಿ. ಅಟಾರಿಗೆ ಇದ್ದಂತೆ ಇದಕ್ಕೂ ಜಾಯ್‌ಸ್ಟಿಕ್ ಇಡುವ ಯೋಚನೆ ಇತ್ತು. ಜಪಾನಿ ಮಕ್ಕಳು ಆಡುವುದು ನೆಲದ ಮೇಲೆ ಕೂತು. ಆಡಿದ್ದನ್ನು ಅಲ್ಲೇ ಬಿಟ್ಟು ಊಟಕ್ಕೆ ಏಳುತ್ತಾರೆ. ಅಮ್ಮನೋ ತಮ್ಮನೋ ತುಳಿದರೆ ಕೋಲು ಲಟಕ್ ಅಂತ ಮುರಿಯುತ್ತದೆ. ಯೊಕೊಯಿಯ ಚಪ್ಪಟೆ ಬಟನ್ ಇಲ್ಲಿಗೆ ಬಂದದ್ದು ಹೀಗೆ. ಕಂಟ್ರೋಲರಿನ ವಯರನ್ನು ಕಿತ್ತು ಸಿಕ್ಕಿಸುವಂತೆ ಮಾಡದೆ ಪೆಟ್ಟಿಗೆಗೇ ಬೆಸೆದರು, ಕನೆಕ್ಟರ್ ಕಾಸು ಉಳಿಯಿತು. ಕ್ಯಾಸೆಟ್ ಹೊರಗೆಬ್ಬಿಸಲು ಒಂದು ಸನ್ನೆ (ಲಿವರ್) ಇಟ್ಟರು. ಕೈಯಲ್ಲೇ ಎಳೆದರೂ ಕ್ಯಾಸೆಟ್ ಬರುತ್ತಿತ್ತು, ಸನ್ನೆಯ ಅಗತ್ಯವೇನೂ ಇರಲಿಲ್ಲ. ಮಕ್ಕಳಿಗೆ ಅದನ್ನು ಟಕ್ ಅನ್ನಿಸುವುದೇ ಖುಷಿ ಅಂತ ಇಟ್ಟಿದ್ದು. ಕಾಸಿಗೆ ಕಾಸು ಉಳಿಸುವ ಮನುಷ್ಯ ಖುಷಿಗೆಂದು ಒಂದು ಸನ್ನೆ ಇಡುತ್ತಾನೆ! ನನಗಾದರೆ ಅವರ ವ್ಯಕ್ತಿತ್ವ ಪೂರ್ತಿ ಇಲ್ಲೇ ಸಿಕ್ಕಿತು. ನೀವು ಇದನ್ನು ಬಿಟ್ಟೇಬಿಟ್ಟಿದ್ದೀರಿ.

ಬಟನ್ ಪ್ರಸಂಗವನ್ನು ಎಂಟನೇ ಪ್ಯಾರಾದ ತಳದಲ್ಲಿ ಹೂತಿದ್ದೀರಿ. 1983ರ ಜುಲೈ 15ರಂದು ಮಾರಾಟಕ್ಕೆ ಬಂದ ಮೊದಲ ಯಂತ್ರಗಳಲ್ಲಿ ಎ ಮತ್ತು ಬಿ ಬಟನ್ ಚೌಕಾಕಾರದವು, ಮೆತ್ತನೆಯ ರಬ್ಬರಿನವು. ಮಕ್ಕಳು ಒತ್ತಿ ಒತ್ತಿ ಅವು ಸವೆದವು, ಮೂಲೆಗೆ ಸಿಕ್ಕಿಕೊಂಡು ಮೇಲೇಳದೆ ಕೂತವು. ಜೊತೆಗೆ ಒಂದು ಚಿಪ್ಪಿನ ದೋಷದಿಂದ ಆಟ ನಡುವೆಯೇ ಸ್ತಬ್ಧ. ಯಂತ್ರಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. ನಂತರದವುಗಳಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ದುಂಡು ಬಟನ್. ನಾನಾಗಿದ್ದರೆ ಲೇಖನವನ್ನು ಆ ಸಿಕ್ಕಿಕೊಂಡ ಬಟನ್ನಿನಿಂದ ಶುರು ಮಾಡುತ್ತಿದ್ದೆ. ಹುಟ್ಟಿದ ತಾರೀಖು ಎಲ್ಲಾದರೂ ಮಧ್ಯೆ ನುಸುಳಿ ಬರಲಿ, ಬರದಿದ್ದರೂ ನಷ್ಟವಿಲ್ಲ.

ಭಾಷೆಯ ಬಗ್ಗೆ ಒಂದೆರಡು ಮಾತು. ಹೆಸರನ್ನು ಮೂರು ಥರ ಬರೆದಿದ್ದೀರಿ: ಉಯೆಮುರಾ, ಯುಮುರಾ, ಒಂದು ಕಡೆ ಉಮೇರಾ. ಒಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ‘ಅಮೆರಿಕದ ಮಾರುಕಟ್ಟೆಯನ್ನು ಬಿರುಗಾಳಿಯಿಂದ ತೆಗೆದುಕೊಂಡಿತು’ ಎಂದು ಯಾವ ಕನ್ನಡಿಗ ಹೇಳುತ್ತಾನೆ? ಅದರಲ್ಲೂ ನಡೆದದ್ದು ಬಿರುಗಾಳಿಯಲ್ಲ, ಬೆಕ್ಕಿನ ಹೆಜ್ಜೆ. 1983ರಲ್ಲಿ ಅಲ್ಲಿ ವಿಡಿಯೊ ಗೇಮ್ ಧಂದೆ ನೆಲಕಚ್ಚಿತ್ತು. ಗೇಮ್ ಅಂದರೆ ಅಂಗಡಿಯವರು ಬಾಗಿಲು ಹಾಕುತ್ತಿದ್ದರು. ಅದಕ್ಕೇ 1985ರಲ್ಲಿ ಫ್ಯಾಮಿಕಾಮ್ ನ್ಯೂಯಾರ್ಕಿಗೆ ಹೋದಾಗ ಅದರ ವೇಷವೇ ಬದಲು: ಬೂದು ಬಣ್ಣ, ವಿಸಿಆರ್‌ನಂತೆ ಮುಂದಿನಿಂದ ಕ್ಯಾಸೆಟ್ ತಳ್ಳುವುದು, ಜೊತೆಗೊಂದು ಆಟಿಕೆ ರೋಬೋ. ಹಾಗೆ ತಳ್ಳಿ ಕೆಳಗೊತ್ತುವ ಏರ್ಪಾಡಿನಿಂದ ಒಳಗಿನ ಪಿನ್ನುಗಳು ಸಡಿಲಗೊಂಡು, ಅಮೆರಿಕದ ಮಕ್ಕಳು ಕ್ಯಾಸೆಟ್ ಊದುತ್ತಾ ಕೂತರು. ಕೊನೆಗೆ ಎರಡೂ ವೇಷ ಸೇರಿ ಮಾರಾಟವಾದದ್ದು 6 ಕೋಟಿ 19 ಲಕ್ಷ. ಮತ್ತೆ ಈ ‘ಕಾರ್ಟ್ರಿಡ್ಜ್’ ಯಾಕೆ? ನಾವು ಚಿಕ್ಕವರಿದ್ದಾಗ ಅದು ಕ್ಯಾಸೆಟ್. ಜಪಾನಿನವರೂ ಅದನ್ನು ಕ್ಯಾಸೆಟ್ಟೇ ಅನ್ನುವುದು. ಧೈರ್ಯವಾಗಿ ಬರೆಯಿರಿ.

ಈಗ ನಾನು ಈ ಪತ್ರ ಬರೆಯಲು ನಿಜವಾದ ಕಾರಣ. ಲೇಖನದ ಜೊತೆ ನೀವಿಟ್ಟ ಅರ್ಧ ಪುಟದ ಚೀಟಿ. ದಾವಣಗೆರೆಯ ಸೋದರಮಾವನ ಮನೆಯಲ್ಲಿ ಬೇಸಿಗೆ ರಜೆ, ಕ್ಯಾಸೆಟ್ ಹಾಕುವ ಟಿವಿ ಗೇಮ್, ಕಪ್ಪು ಪ್ಲಾಸ್ಟಿಕ್ ಗನ್, ನಿಮ್ಮಕ್ಕ ಗನ್ನನ್ನು ಟಿವಿ ಗಾಜಿಗೇ ಒತ್ತಿ ಹಿಡಿದು ಬಾತುಕೋಳಿ ಹೊಡೆದು ಗೆಲ್ಲುತ್ತಿದ್ದದ್ದು, ನೀವು ಅತ್ತದ್ದು. ಹದಿನಾಲ್ಕು ಪುಟದ ಲೇಖನದಲ್ಲಿ ಇಷ್ಟು ಜೀವವಿರುವ ಒಂದು ಸಾಲೂ ಇಲ್ಲ. ಆ ಟಿವಿ ಗೇಮ್ ಯಾವುದೆಂದು ತಿಳಿದಿದ್ದೀರಿ? ಅದು ಫ್ಯಾಮಿಕಾಮ್‌ನ ನಕಲು. ತೊಂಬತ್ತರ ದಶಕದಲ್ಲಿ ನಮ್ಮೂರುಗಳಿಗೆ ಬಂದ ಅಂಥ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಅವೇ. ಉಯೆಮುರಾ ನಿಮ್ಮ ಮಾವನ ಮನೆಗೆ ಬಂದು ಹೋಗಿದ್ದಾರೆ, ನೀವು ಅವರನ್ನು ಟೋಕಿಯೊದಲ್ಲಿ ಹುಡುಕುತ್ತಿದ್ದೀರಿ.

ಆ ಗನ್ ಹಿಂದೆ ಇವರ ಇಡೀ ವೃತ್ತಿ ಇದೆ. ಹಯಕಾವಾದಲ್ಲಿದ್ದಾಗ ಬೆಳಕು ಬಿದ್ದರೆ ವಿದ್ಯುತ್ ಕೊಡುವ ಸೆಲ್ಲುಗಳನ್ನು ಮಾರುತ್ತಾ ನಿಂಟೆಂಡೊಗೆ ಹೋದವರು ಇವರು. 1889ರಿಂದ ಹನಾಫುಡಾ ಎಂಬ ಜಪಾನಿ ಇಸ್ಪೀಟ್ ಎಲೆಗಳನ್ನು ಮಾಡಿಕೊಂಡು ಬಂದಿದ್ದ ಆ ಕಂಪನಿಯಲ್ಲಿ ಯೊಕೊಯಿ ಸಿಕ್ಕರು, ಮಾತು ಬೆಳೆಯಿತು, ಆಟಿಕೆ ಬಂದೂಕು ಹುಟ್ಟಿತು. ಬಂದೂಕಿನಿಂದ ಬೆಳಕು ಹೊರಡುತ್ತದೆ, ಗುರಿಯಲ್ಲಿರುವ ಸೆಲ್ ಅದನ್ನು ಹಿಡಿಯುತ್ತದೆ. ಮಾರಲು ಹೋದವರು 1970ರ ದಶಕದ ಆರಂಭದಲ್ಲಿ ಅಲ್ಲೇ ಕೆಲಸಕ್ಕೆ ಸೇರಿದರು. ಖಾಲಿ ಬಿದ್ದಿದ್ದ ಬೌಲಿಂಗ್ ಹಾಲ್‌ಗಳಲ್ಲಿ ಇದೇ ಉಪಾಯದ ಗುರಿಯಾಟ ಹಾಕಿದರು, 1973ರ ತೈಲ ಬಿಕ್ಕಟ್ಟು ಅದನ್ನು ಮುಗಿಸಿತು. ಹತ್ತು ವರ್ಷದ ಮೇಲೆ ಟಿವಿ ಗನ್ ಬಂದಾಗ ಬೆಳಕು ದಿಕ್ಕು ಬದಲಿಸಿತ್ತು: ಗನ್ ಏನನ್ನೂ ಹಾರಿಸುವುದಿಲ್ಲ, ನೋಡುತ್ತದೆ. ಗನ್ನಿನ ಕುದುರೆ (ಟ್ರಿಗರ್) ಎಳೆದ ಕ್ಷಣ ಪರದೆ ಕಪ್ಪಾಗುತ್ತದೆ, ಬಾತುಕೋಳಿ ಇದ್ದ ಜಾಗ ಮಾತ್ರ ಬಿಳಿ ಚೌಕವಾಗಿ ಮಿಂಚುತ್ತದೆ. ನಳಿಗೆಯೊಳಗಿನ ಕಣ್ಣಿಗೆ ಆ ಬಿಳುಪು ಕಂಡರೆ ಹಕ್ಕಿ ಬಿತ್ತು. ನಿಮ್ಮಕ್ಕ ಗಾಜಿಗೆ ಒತ್ತಿ ಹಿಡಿದದ್ದು ಯಾಕೆ ಫಲಿಸಿತು ಅಂತ ಈಗ ತಿಳಿಯಿತಲ್ಲ.

ಹಾಗಾಗಿ ಹದಿನಾಲ್ಕು ಪುಟ ಬೇಡ, ಐದು ಸಾಕು. ದಾವಣಗೆರೆಯಿಂದ ಹೊರಟು ಕ್ಯೋಟೊಗೆ ಹೋಗಿ. ಸೂಪರ್ ಫ್ಯಾಮಿಕಾಮ್‌ಗೆ ಒಂದು ಪ್ಯಾರಾ ಕೊಡಿ, ವಿಶ್ವವಿದ್ಯಾಲಯಕ್ಕೆ ಎರಡು ಸಾಲು. ವಿಶೇಷಾಂಕಕ್ಕೆ ಬೇಕು, ತಿಂಗಳ ಕೊನೆಯೊಳಗೆ ತಲುಪಲಿ.

ಅಂದಹಾಗೆ, ಗನ್ ಇನ್ನೂ ಅಟ್ಟದ ಮೇಲಿದೆ, ಹೊಸ ಎಲ್‌ಇಡಿ ಟಿವಿಗೆ ಹಾಕಿದರೆ ಒಂದು ಹಕ್ಕಿಯೂ ಬೀಳಲಿಲ್ಲ, ಕೆಟ್ಟಿರಬೇಕು ಅಂತ ಬರೆದಿದ್ದೀರಿ. ಕೆಟ್ಟಿರಲಿಕ್ಕಿಲ್ಲ. ಹೊಸ ಟಿವಿ ಚಿತ್ರ ತೋರಿಸುವುದು ತುಸು ತಡ, ಅಷ್ಟರಲ್ಲಿ ಗನ್ ನೋಡಿ ಮುಗಿಸಿರುತ್ತದೆ. ಯಾರದಾದರೂ ಮನೆಯಲ್ಲಿ ಹಳೇ ಡಬ್ಬಾ ಟಿವಿ ಇದ್ದರೆ ಜೋಡಿಸಿ ನೋಡಿ. ಅಕ್ಕನನ್ನೂ ಕರೆಯಿರಿ. ಏನಾಯಿತೆಂದು ಲೇಖನದಲ್ಲೇ ಬರೆಯಿರಿ.

ಇಂತಿ,
ಸಂಪಾದಕ